ಮೇಜಿನ ಮೇಲಿನ ಸೌರವ್ಯೂಹ: ಬಾಹ್ಯಾಕಾಶದ ಆಟ, ಮಾದರಿ, ಚಿತ್ರಗಳ ಹಿಂದಿನ ಲೆಕ್ಕಾಚಾರ

ರಾಕೆಟ್ ಉಡಾವಣೆಯನ್ನಾಗಲಿ, ಚಂದ್ರನ ಮೇಲೆ ನೌಕೆ ಇಳಿಯುವ ಕ್ಷಣವನ್ನಾಗಲಿ ಈಗ ಮೊಬೈಲಿನಲ್ಲೇ ನೇರವಾಗಿ ನೋಡಬಹುದು. ಕಣ್ಣರಳಿಸಿ ನೋಡಿದ ಮಕ್ಕಳು ಮರುಗಳಿಗೆಯೇ ರಟ್ಟು, ಅಂಟು, ಕತ್ತರಿ ಹಿಡಿದು ಕೂರುತ್ತಾರೆ. ರಾಕೆಟ್ ಹಾರಿಸುವ ಕಂಪ್ಯೂಟರ್ ಆಟ ಬೇಕೆಂದು ಹಟ ಹಿಡಿಯುತ್ತಾರೆ. ದೊಡ್ಡವರಲ್ಲೂ ಈ ಗೀಳು ಹತ್ತಿಸಿಕೊಂಡವರು ಕಡಿಮೆಯಿಲ್ಲ. ಆದರೆ ಹೊಸಬರಿಗೆ ತೊಡಕು ಪೆಟ್ಟಿಗೆ ಬಿಚ್ಚುವ ಮೊದಲೇ ಎದುರಾಗುತ್ತದೆ. ಮಾದರಿಯ ಪೆಟ್ಟಿಗೆಯ ಮೇಲೆ 1:144 ಎಂದಿರುತ್ತದೆ. ಪುಟ್ಟ ರಾಕೆಟ್ಟಿನ ಮೋಟಾರಿನ ಮೇಲೆ ಸಿ6-5 ಎಂದು ಅಚ್ಚಾಗಿರುತ್ತದೆ. ಒಂದು ಆಟದಲ್ಲಿ ಗುಂಡಿ ಬಿಟ್ಟೊಡನೆ ನೌಕೆ ನಿಲ್ಲುತ್ತದೆ, ಇನ್ನೊಂದರಲ್ಲಿ ಜಾರುತ್ತಲೇ ಹೋಗುತ್ತದೆ. ಒಂದೇ ನೀಹಾರಿಕೆ, ಅಂದರೆ ಬಾಹ್ಯಾಕಾಶದ ಅನಿಲ ಮತ್ತು ದೂಳಿನ ಮೋಡ, ಒಂದು ಚಿತ್ರದಲ್ಲಿ ಹಸಿರು ಹೊನ್ನಿನ ಬಣ್ಣದ್ದು, ಮತ್ತೊಂದರಲ್ಲಿ ಕಡುಗೆಂಪು. ಇವುಗಳಲ್ಲಿ ನಿಜ ಯಾವುದು?

ಬಾಹ್ಯಾಕಾಶ ಇದ್ದ ಹಾಗೇ ಮನೆಯೊಳಗೆ ಬರುವುದಿಲ್ಲ. ಅದು ತೀರ ದೊಡ್ಡದು, ಬಹುಪಾಲು ಖಾಲಿ. ಅಲ್ಲಿನ ವೇಗಗಳು ನಮ್ಮ ಅಂದಾಜಿಗೆ ನಿಲುಕುವುದಿಲ್ಲ, ಅಲ್ಲಿಂದ ಬರುವ ಬೆಳಕಿನಲ್ಲಿ ಹೆಚ್ಚಿನದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಆಟ ಕಟ್ಟುವವರು, ಮಾದರಿ ಮಾಡುವವರು, ಚಿತ್ರ ಬರೆಯುವವರು ಎಲ್ಲರೂ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟಿರುತ್ತಾರೆ. ಏನು ಉಳಿಯಿತು, ಏನು ಹೋಯಿತು ಎಂದು ಗುರುತಿಸಲು ಬಂದರೆ ಆಟದ ರುಚಿ ಹೆಚ್ಚುತ್ತದೆ, ಜೊತೆಗೆ ವಿಜ್ಞಾನವೂ ತಾನಾಗಿ ಕೈಗೆ ಹತ್ತುತ್ತದೆ.

## 1:144 ಎಂದರೇನು

ಮಾದರಿಯ ಮೇಲಿನ ಈ ಜೋಡಿ ಸಂಖ್ಯೆಗೆ ಸ್ಕೇಲ್ ಎನ್ನುತ್ತಾರೆ. ಮಾದರಿಯಲ್ಲಿ 1 ಸೆಂಟಿಮೀಟರ್ ಇರುವುದು ನಿಜವಸ್ತುವಿನಲ್ಲಿ 144 ಸೆಂಟಿಮೀಟರ್ ಇರುತ್ತದೆ ಎಂದು ಅದರ ಅರ್ಥ. ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್ಟಿನ ಎತ್ತರ ಸುಮಾರು 110.6 ಮೀಟರ್. ಅದನ್ನು 144ರಿಂದ ಭಾಗಿಸಿದರೆ 77 ಸೆಂಟಿಮೀಟರ್ ಬರುತ್ತದೆ. 96ರಿಂದ ಭಾಗಿಸಿದರೆ 1.15 ಮೀಟರ್. ಎರಡನೇ ಸಂಖ್ಯೆ ಚಿಕ್ಕದಾದಷ್ಟೂ ಮಾದರಿ ದೊಡ್ಡದಾಗುತ್ತದೆ. ಕಪಾಟಿನ ಎತ್ತರ ಅಳೆಯದೆ ಕಿಟ್ ತಂದವರು ಪರದಾಡುವುದು ಇಲ್ಲೇ.

50, 100ರಂತಹ ಸಲೀಸಾದ ಸಂಖ್ಯೆಗಳಿರುವಾಗ 48, 72, 96, 144 ಏಕೆ ಬಂದವು? ಇದು ಅಡಿ-ಅಂಗುಲದ ಕಾಲದ ಬಳುವಳಿ. ಒಂದು ಅಡಿಗೆ 12 ಅಂಗುಲ. ನಿಜದ ಒಂದು ಅಡಿಯನ್ನು ಕಾಲು ಅಂಗುಲಕ್ಕೆ ಇಳಿಸಿದರೆ 1:48, ಅಂಗುಲದ ಆರನೇ ಒಂದು ಭಾಗಕ್ಕೆ ಇಳಿಸಿದರೆ 1:72, ಹನ್ನೆರಡನೇ ಒಂದು ಭಾಗಕ್ಕೆ ಇಳಿಸಿದರೆ 1:144.

ಒಂದೇ ಸ್ಕೇಲಿನಲ್ಲಿ ಎಲ್ಲವನ್ನೂ ಮಾಡಿ ಪಕ್ಕಪಕ್ಕ ಇಡುವವರಿಗೆ ಪುಸ್ತಕ ಓದಿದರೂ ಮನಸ್ಸಿಗೆ ಇಳಿಯದ ಸಂಗತಿಗಳು ಬೆರಳ ತುದಿಗೆ ಸಿಗುತ್ತವೆ. 1:144ರ ಸ್ಯಾಟರ್ನ್ 5 ಅನ್ನು ಕೈಗೆತ್ತಿಕೊಳ್ಳಿ. ಅದರ 77 ಸೆಂಟಿಮೀಟರಿನಲ್ಲಿ ಭೂಮಿಗೆ ಮರಳಿ ಬಂದದ್ದು ತುದಿಗೆ ಹತ್ತಿರದ ಒಂದು ಪುಟ್ಟ ಶಂಕು ಮಾತ್ರ. ಮೂವರು ಗಗನಯಾತ್ರಿಗಳು ಕುಳಿತಿದ್ದ ಆ ಕಮಾಂಡ್ ಮಾಡ್ಯೂಲಿನ ಬುಡದ ವ್ಯಾಸ 3.9 ಮೀಟರ್, ಮಾದರಿಯಲ್ಲಿ 2.7 ಸೆಂಟಿಮೀಟರ್. ಉಳಿದದ್ದರ ಬಹುಪಾಲು ಇಂಧನದ ತೊಟ್ಟಿಗಳು. ಮಾದರಿಗೆ ಅಂಟು ಹಚ್ಚುವ ಕೈಗೆ ಇದು ಹೇಳಿಕೊಡದೆಯೇ ಗೊತ್ತಾಗುತ್ತದೆ.

## ಸೌರವ್ಯೂಹ ಪುಟದೊಳಗೆ ಹಿಡಿಯುವುದಿಲ್ಲ

ರಾಕೆಟ್ಟಿಗೆ ಒಗ್ಗುವ ಸ್ಕೇಲ್ ಗ್ರಹಗಳಿಗೆ ಒಗ್ಗುವುದಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಸೂರ್ಯನ ಪಕ್ಕ ಎಂಟು ಗ್ರಹಗಳು ಸಾಲಾಗಿ ನಿಂತಿರುತ್ತವೆ. ಗಾತ್ರ ಸರಿಯಿದ್ದರೆ ಆ ಚಿತ್ರದಲ್ಲಿ ದೂರ ಸುಳ್ಳು, ದೂರ ಸರಿಯಿದ್ದರೆ ಗಾತ್ರ ಸುಳ್ಳು. ಎರಡನ್ನೂ ಉಳಿಸಿಕೊಳ್ಳಬೇಕಾದರೆ ಪುಟ ಬಿಟ್ಟು ಬಯಲಿಗೆ ಹೋಗಬೇಕು.

ಸಾವಿರ ಕೋಟಿಗೆ ಒಂದು ಎಂಬ ಸ್ಕೇಲ್ ಹಿಡಿದರೆ ಲೆಕ್ಕ ಸುಲಭ. ಆಗ ಸೂರ್ಯ 14 ಸೆಂಟಿಮೀಟರ್ ವ್ಯಾಸದ ಚೆಂಡು. ಅಲ್ಲಿಂದ 15 ಮೀಟರ್ ನಡೆದರೆ ಭೂಮಿ: 1.3 ಮಿಲಿಮೀಟರಿನ ಒಂದು ಕಣ. ಭೂಮಿಯಿಂದ 3.8 ಸೆಂಟಿಮೀಟರ್ ಆಚೆ ಚಂದ್ರ, ಅದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಮನುಷ್ಯರು ಇದುವರೆಗೆ ಪಯಣಿಸಿದ ಅತಿ ಹೆಚ್ಚಿನ ದೂರ ಹೆಚ್ಚುಕಡಿಮೆ ಅಷ್ಟೇ, ಎರಡು ಬೆರಳಗಲ. ಗುರುಗ್ರಹ 1.4 ಸೆಂಟಿಮೀಟರಿನ ಗೋಲಿ, ಸೂರ್ಯನಿಂದ 78 ಮೀಟರ್ ದೂರದಲ್ಲಿ. ನೆಪ್ಚೂನ್ 5 ಮಿಲಿಮೀಟರಿನದು, 450 ಮೀಟರ್ ದೂರ. ಅಲ್ಲಿಗೆ ಗ್ರಹಗಳು ಮುಗಿದವು. ಇದೇ ಲೆಕ್ಕದಲ್ಲಿ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು ಸುಮಾರು 4,000 ಕಿಲೋಮೀಟರ್ ಆಚೆ. ಒಂದು ಚೆಂಡು, ಮಣಿಗಳು, ಸಾಸಿವೆಯಂಥ ಕಾಳುಗಳು, ಅರ್ಧ ಕಿಲೋಮೀಟರ್ ಖಾಲಿ ದಾರಿ ಇಷ್ಟಿದ್ದರೆ ಈ ಮಾದರಿ ಸಿದ್ಧ. ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಪಾಠ ಕಲಿಸುವ ಮಾದರಿ ಇನ್ನೊಂದಿಲ್ಲ.

ಸ್ವೀಡನ್ನಿನಲ್ಲಿ ಇದನ್ನೇ ದೇಶದ ಉದ್ದಗಲಕ್ಕೆ ಹಿಗ್ಗಿಸಿದ್ದಾರೆ. ಅಲ್ಲಿ ಸ್ಕೇಲ್ 1:2 ಕೋಟಿ. ಸ್ಟಾಕ್‌ಹೋಮ್ ನಗರದ ಗೋಳಾಕಾರದ ದೊಡ್ಡ ಸಭಾಂಗಣವೇ ಸೂರ್ಯ. ಸುಮಾರು 65 ಸೆಂಟಿಮೀಟರಿನ ಭೂಮಿ ಅಲ್ಲಿಂದ ಏಳೂವರೆ ಕಿಲೋಮೀಟರ್ ಆಸುಪಾಸಿನಲ್ಲಿದೆ. ಹೊರಗಿನ ಗ್ರಹಗಳು ಬೇರೆ ಬೇರೆ ಊರುಗಳಲ್ಲಿವೆ.

ಮನೆಯೊಳಗೇ ಇರಬೇಕು, ಗ್ರಹಗಳು ನಿಜವಾಗಿ ತಿರುಗಲೂ ಬೇಕು ಎಂದು ಹಟ ಹಿಡಿದವನೊಬ್ಬನ ಕಥೆ ಹವ್ಯಾಸಿಗಳೆಲ್ಲ ತಿಳಿದಿರಬೇಕಾದದ್ದು. ನೆದರ್‌ಲ್ಯಾಂಡ್ಸ್‌ನ ಫ್ರಾನೆಕರ್ ಊರಿನ ಐಸೆ ಐಸಿಂಗಾ ಉಣ್ಣೆ ಬಾಚುವ ಕಸುಬಿನವನು. 1774ರಲ್ಲಿ ಚಂದ್ರ ಮತ್ತು ಕೆಲವು ಗ್ರಹಗಳು ಆಕಾಶದಲ್ಲಿ ಒಂದೇ ಕಡೆ ಕಂಡಾಗ ಪ್ರಳಯವಾಗುತ್ತದೆಂಬ ಭೀತಿ ಹಬ್ಬಿತು. ಗ್ರಹಗಳ ಚಲನೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಐಸಿಂಗಾ ತನ್ನ ಮನೆಯ ಕೋಣೆಯ ಚಾವಣಿಯಲ್ಲೇ ಸೌರವ್ಯೂಹ ಕಟ್ಟತೊಡಗಿ 1781ರಲ್ಲಿ ಮುಗಿಸಿದ. ಚಾವಣಿಯ ಹಲಗೆಯ ಮೇಲ್ಗಡೆ ಮರದ ಚಕ್ರಗಳಿವೆ, ಅವುಗಳಿಗೆ ಹಲ್ಲುಗಳಾಗಿ ಸಾವಿರಾರು ಮೊಳೆಗಳನ್ನು ಬಡಿಯಲಾಗಿದೆ. ಎಲ್ಲವನ್ನೂ ಓಡಿಸುವುದು ಒಂದು ಲೋಲಕದ ಗಡಿಯಾರ.

ಅವನು ಉಳಿಸಿಕೊಂಡದ್ದು ದೂರ ಮತ್ತು ಕಾಲ. 1 ಮಿಲಿಮೀಟರಿಗೆ 10 ಲಕ್ಷ ಕಿಲೋಮೀಟರ್. ಆ ಲೆಕ್ಕದಲ್ಲಿ ಶನಿಯ ದಾರಿ ಸೂರ್ಯನಿಂದ ಸುಮಾರು 1.4 ಮೀಟರ್ ಆಚೆ ಸುತ್ತುತ್ತದೆ. ಭೂಮಿ ಒಂದು ಸುತ್ತಿಗೆ ಒಂದು ವರ್ಷ ತೆಗೆದುಕೊಳ್ಳುತ್ತದೆ, ಶನಿ ಇಪ್ಪತ್ತೊಂಬತ್ತೂವರೆ ವರ್ಷ. ಬಿಟ್ಟುಕೊಟ್ಟದ್ದು ಗ್ರಹಗಳ ಗಾತ್ರ. ಅದನ್ನೂ ಉಳಿಸಿಕೊಂಡಿದ್ದರೆ ಭೂಮಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಾಗಿ ಯಾರಿಗೂ ಕಾಣುತ್ತಿರಲಿಲ್ಲ. ಕೆಲಸ ಮುಗಿದ 1781ರಲ್ಲೇ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದರು. ಐಸಿಂಗಾನ ಲೆಕ್ಕದಲ್ಲಿ ಅದಕ್ಕೆ ನಡುವಿನಿಂದ 2.9 ಮೀಟರ್ ಜಾಗ ಬೇಕಿತ್ತು, ಕೋಣೆಯಲ್ಲಿ ಅಷ್ಟು ಜಾಗವಿರಲಿಲ್ಲ. ಆ ಯಂತ್ರ ಈಗಲೂ ನಡೆಯುತ್ತಿದೆ. 2023ರಲ್ಲಿ ಅದು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

## ಆಟದ ನೌಕೆ ಏಕೆ ಜಾರುತ್ತದೆ

ಕಂಪ್ಯೂಟರ್ ಆಟಗಳ ಚರಿತ್ರೆ ಬಹುಮಟ್ಟಿಗೆ ಬಾಹ್ಯಾಕಾಶದಿಂದಲೇ ಶುರುವಾಗುತ್ತದೆ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟ ಬರೆದರು. ಎರಡು ನೌಕೆಗಳು, ನಡುವೆ ಒಂದು ನಕ್ಷತ್ರ. ನಕ್ಷತ್ರ ಎರಡನ್ನೂ ತನ್ನತ್ತ ಸೆಳೆಯುತ್ತದೆ. ಹಿನ್ನೆಲೆಯ ಚುಕ್ಕಿಗಳನ್ನೂ ಮನಬಂದಂತೆ ಚೆಲ್ಲದೆ, ಗುಂಪಿನ ಪೀಟರ್ ಸ್ಯಾಮ್ಸನ್ ನಿಜವಾದ ಆಕಾಶದ ನಕ್ಷೆಯನ್ನೇ ಅಳವಡಿಸಿದರು.

ಆ ಆಟದಲ್ಲಿ ಎಂಜಿನ್ ಆರಿಸಿದರೂ ನೌಕೆ ಸಾಗುತ್ತಲೇ ಇರುತ್ತದೆ. ಇದಕ್ಕೆ ಜಡತ್ವ ಎಂದು ಹೆಸರು. ಚಲಿಸುತ್ತಿರುವ ವಸ್ತುವನ್ನು ಬೇರೊಂದು ಬಲ ತಡೆಯುವವರೆಗೆ ಅದು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಹೋಗುತ್ತದೆ. ನೆಲದ ಮೇಲೆ ರಸ್ತೆಯ ಘರ್ಷಣೆಯೂ ಗಾಳಿಯೂ ತಡೆಯುತ್ತವೆ. ಬಾಹ್ಯಾಕಾಶದಲ್ಲಿ ತಡೆಯಲು ಏನೂ ಇಲ್ಲ. ನಿಲ್ಲಬೇಕಾದರೆ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಸಾಗುತ್ತಿರುವ ದಿಕ್ಕಿಗೆ ಎದುರಾಗಿ ಎಂಜಿನ್ ಉರಿಸಬೇಕು. ಹೊಸ ಆಟಗಾರರಿಗೆ ಇದು ತಲೆನೋವು. ಹಾಗಾಗಿ ಬಹಳಷ್ಟು ಆಟಗಳು ಇಲ್ಲದ ಗಾಳಿಯನ್ನು ಇದೆಯೆಂದು ಬಗೆದು ನೌಕೆಯನ್ನು ವಿಮಾನದಂತೆ ಓಡಿಸುತ್ತವೆ. ಕೈಗೆ ಸುಲಭವಾಗುತ್ತದೆ, ಸತ್ಯ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕ್ಷುದ್ರಗ್ರಹಗಳ ನಡುವೆ ತೂರಿ ಪಾರಾಗುವ ದೃಶ್ಯವೂ ಹಾಗೆಯೇ. ನಿಜವಾದ ಕ್ಷುದ್ರಗ್ರಹ ಪಟ್ಟಿಯಲ್ಲಿ ಒಂದು ಬಂಡೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಲಕ್ಷಾಂತರ ಕಿಲೋಮೀಟರ್ ಅಂತರ. ನೌಕೆಗಳು ಅದನ್ನು ನಿರಾತಂಕವಾಗಿ ದಾಟಿ ಹೋಗಿವೆ.

ಚಂದ್ರನ ಮೇಲೆ ಇಳಿಯುವ ಆಟ ಹುಟ್ಟಿದ್ದು ಅಪೋಲೊ 11 ಇಳಿದ 1969ರಲ್ಲೇ. ಬರೆದವನು ಜಿಮ್ ಸ್ಟೋರರ್ ಎಂಬ ಶಾಲಾ ವಿದ್ಯಾರ್ಥಿ. ಅದರಲ್ಲಿ ಚಿತ್ರವೇ ಇರಲಿಲ್ಲ. ಯಂತ್ರ ಕಾಗದದ ಮೇಲೆ ಒಂದು ಸಾಲು ಮುದ್ರಿಸುತ್ತಿತ್ತು: ಕಳೆದ ಸಮಯ, ಎತ್ತರ, ವೇಗ, ಉಳಿದ ಇಂಧನ. ಮುಂದಿನ ಹತ್ತು ಸೆಕೆಂಡು ಎಷ್ಟು ಇಂಧನ ಉರಿಸಬೇಕೆಂದು ಆಟಗಾರ ಒಂದು ಸಂಖ್ಯೆ ಕೊಡಬೇಕು. ಮತ್ತೆ ಒಂದು ಸಾಲು, ಮತ್ತೆ ಒಂದು ಸಂಖ್ಯೆ. ಕೊನೆಗೆ ಮೆಲ್ಲಗೆ ಇಳಿಯಬೇಕು, ಇಲ್ಲವೇ ಅಪ್ಪಳಿಸಬೇಕು.

ಬರಿಯ ಸಂಖ್ಯೆಗಳ ಈ ಆಟದಲ್ಲಿ ಇಳಿತದ ಇಡೀ ಸಂಕಟವಿದೆ. ಹೆದರಿ ಬೇಗನೆ ವೇಗ ತಗ್ಗಿಸಿದರೆ ನೌಕೆ ಎತ್ತರದಲ್ಲೇ ತೂಗಾಡುತ್ತದೆ. ತೂಗಾಡುವ ಪ್ರತಿ ಸೆಕೆಂಡಿಗೂ ಚಂದ್ರನ ಸೆಳೆತ ಕೆಳಮುಖವಾಗಿ ಸೆಕೆಂಡಿಗೆ 1.6 ಮೀಟರಿನಷ್ಟು ವೇಗವನ್ನು ಸೇರಿಸುತ್ತಿರುತ್ತದೆ; ಅದನ್ನು ಅಳಿಸಲು ಇಂಧನ ಸೋರುತ್ತಲೇ ಇರುತ್ತದೆ. ಧೈರ್ಯ ಮಾಡಿ ತಡವಾಗಿ ಉರಿಸಿದರೆ ಇಂಧನ ಉಳಿಯುತ್ತದೆ, ಆದರೆ ಒಂದು ಕ್ಷಣ ತಪ್ಪಿದರೆ ನೌಕೆಯೇ ಉಳಿಯುವುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಬಿಡಿಸಿದ್ದು ಇದೇ ಲೆಕ್ಕವನ್ನು. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿದ್ದ ನೌಕೆ, ನೆಲ ಮುಟ್ಟುವಾಗ ಮನುಷ್ಯ ನಡೆಯುವಷ್ಟು ನಿಧಾನಕ್ಕೆ ಬರಬೇಕಿತ್ತು, ಅದೂ ಯಾರ ಕೈಯೂ ಗುಂಡಿಯ ಮೇಲಿಲ್ಲದೆ.

## ಮುಂದಿರುವುದನ್ನು ಹಿಡಿಯಲು ವೇಗ ಇಳಿಸಬೇಕು

ಕಕ್ಷೆ ಎಂದರೇನು ಎಂಬುದನ್ನು ಸಾಮಾನ್ಯರಿಗೆ ಮನದಟ್ಟು ಮಾಡಿಸಿದ ಆಟ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. 2011ರಲ್ಲಿ ಮೊದಲ ರೂಪದಲ್ಲಿ ಹೊರಬಂದು 2015ರಲ್ಲಿ ಪೂರ್ಣಗೊಂಡ ಇದನ್ನು ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ರೂಪಿಸಿದರು. ಇದರಲ್ಲಿ ರಾಕೆಟ್ಟನ್ನು ಬಿಡಿಭಾಗಗಳಿಂದ ಕಟ್ಟಿ, ಹಾರಿಸಿ, ಕಕ್ಷೆಗೆ ಸೇರಿಸಬೇಕು.

ಮೊದಲ ಬಾರಿ ಆಡುವವರು ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಅದು ಎಷ್ಟೋ ಎತ್ತರಕ್ಕೆ ಹೋಗಿ ಮತ್ತೆ ಕೆಳಗೆ ಬೀಳುತ್ತದೆ. ಎತ್ತರ ತಲುಪಿದರೆ ಸಾಕು, ತೇಲುತ್ತಾ ಉಳಿಯಬಹುದು ಎಂಬ ನಂಬಿಕೆ ಅಲ್ಲಿಗೆ ಒಡೆಯುತ್ತದೆ. ಕಕ್ಷೆಯಲ್ಲಿರುವ ವಸ್ತುವೂ ಸದಾ ಬೀಳುತ್ತಲೇ ಇರುತ್ತದೆ. ಆದರೆ ಅಡ್ಡಕ್ಕೆ ಅದೆಷ್ಟು ವೇಗವಾಗಿ ಓಡುತ್ತಿರುತ್ತದೆಂದರೆ, ಅದು ಬೀಳುವಷ್ಟೇ ಭೂಮಿಯ ಮೈಯೂ ಕೆಳಕ್ಕೆ ಬಾಗಿರುತ್ತದೆ. ಹಾಗಾಗಿ ಅದು ನೆಲ ಮುಟ್ಟುವುದೇ ಇಲ್ಲ. ಭೂಮಿಗೆ ಸಮೀಪದ ಕಕ್ಷೆಯಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್, ಒಂದು ಸುತ್ತಿಗೆ ಒಂದೂವರೆ ಗಂಟೆ. ರಾಕೆಟ್ಟಿನ ಇಂಧನದಲ್ಲಿ ಹೆಚ್ಚಿನ ಪಾಲು ಖರ್ಚಾಗುವುದು ಮೇಲೇರಲು ಅಲ್ಲ, ಈ ಅಡ್ಡ ಓಟಕ್ಕೆ. ಅದಕ್ಕೇ ಉಡಾವಣೆಯಾದ ಸ್ವಲ್ಪ ಹೊತ್ತಿಗೆ ರಾಕೆಟ್ ಒಂದು ಪಕ್ಕಕ್ಕೆ ವಾಲುತ್ತದೆ.

ಇದಕ್ಕಿಂತ ವಿಚಿತ್ರವಾದ ಪಾಠ ಮುಂದಿದೆ. ಒಂದೇ ಕಕ್ಷೆಯಲ್ಲಿ ನಿಮ್ಮ ಮುಂದೆ ಇನ್ನೊಂದು ನೌಕೆ ಇದೆ. ಅದನ್ನು ಸೇರಲು ಎಂಜಿನ್ ಉರಿಸಿ ಮುನ್ನುಗ್ಗಿದರೆ ನಿಮ್ಮ ಕಕ್ಷೆ ಹಿಗ್ಗುತ್ತದೆ, ಸುತ್ತು ದೊಡ್ಡದಾಗುತ್ತದೆ, ನೀವು ಹಿಂದೆ ಬೀಳುತ್ತೀರಿ. ವೇಗ ಇಳಿಸಿದರೆ ಕಕ್ಷೆ ಕುಗ್ಗಿ, ಚಿಕ್ಕ ಸುತ್ತನ್ನು ಬೇಗ ಮುಗಿಸಿ ಅದರ ಸಮೀಪಕ್ಕೆ ಬರುತ್ತೀರಿ. 1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಬಳಿ ಸಾರಲು ಅದರತ್ತಲೇ ಮುಖ ಮಾಡಿ ಎಂಜಿನ್ ಉರಿಸಿದರು. ಹತ್ತಿರವಾಗುವ ಬದಲು ಅದು ದೂರವಾಯಿತು, ಇಂಧನ ವ್ಯರ್ಥವಾಗಿ ಪ್ರಯತ್ನ ಕೈಬಿಡಬೇಕಾಯಿತು. ಆರು ತಿಂಗಳ ನಂತರ ಜೆಮಿನಿ 6ಎ ಮತ್ತು ಜೆಮಿನಿ 7 ಸರಿಯಾದ ಲೆಕ್ಕದಿಂದ ಮುಖಾಮುಖಿಯಾದವು. ಅಂದು ತರಬೇತಿ ಪಡೆದ ಗಗನಯಾತ್ರಿಗೆ ಒಲಿಯದ ಪಟ್ಟನ್ನು ಇಂದು ಶಾಲಾ ಮಕ್ಕಳು ಪರದೆಯ ಮೇಲೆ ಕಲಿಯುತ್ತಿದ್ದಾರೆ. ಆಟವೊಂದು ಇದಕ್ಕಿಂತ ದೊಡ್ಡ ಉಪಕಾರ ಮಾಡಲಾರದು.

ಈ ಆಟವೂ ಕೆಲವನ್ನು ಬಿಟ್ಟಿದೆ. ಇದರ ಗ್ರಹ ಕರ್ಬಿನ್‌ನ ತ್ರಿಜ್ಯ ಬರೀ 600 ಕಿಲೋಮೀಟರ್. ಭೂಮಿಯದು ಸುಮಾರು 6,370. ಆದರೂ ನೆಲದ ಮೇಲಿನ ಸೆಳೆತ ಭೂಮಿಯಷ್ಟೇ. ಇದರಿಂದ ಕಕ್ಷೆಗೆ ಸೆಕೆಂಡಿಗೆ 2.3 ಕಿಲೋಮೀಟರ್ ವೇಗ ಸಾಕಾಗುತ್ತದೆ, ಆಟಗಾರ ಕೆಲವೇ ನಿಮಿಷಗಳಲ್ಲಿ ಗುರಿ ಮುಟ್ಟುತ್ತಾನೆ. ಲೆಕ್ಕ ಹಾಕಿದರೆ ಅಂತಹ ಗ್ರಹ ಭೂಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಸಾಂದ್ರವಾಗಿರಬೇಕು. ಭೂಮಿಯ ಮೇಲೆ ಸಿಗುವ ಯಾವ ಲೋಹವೂ ಅಷ್ಟು ಸಾಂದ್ರವಲ್ಲ. ಇನ್ನೊಂದು ಕೊರತೆ: ಆಟದಲ್ಲಿ ನೌಕೆಯ ಮೇಲೆ ಒಂದು ಹೊತ್ತಿಗೆ ಒಂದೇ ಕಾಯದ ಸೆಳೆತ ಕೆಲಸ ಮಾಡುತ್ತದೆ. ಗ್ರಹದ ವಲಯ ದಾಟಿದೊಡನೆ ಅದರ ಸೆಳೆತ ಸೊನ್ನೆ, ಚಂದ್ರನದು ಶುರು. ಗಣಿತ ಹಗುರವಾಗುತ್ತದೆ ನಿಜ. ಆದರೆ ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಕೂಡಿ ಉಂಟುಮಾಡುವ ಜಾಗದಲ್ಲಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ಕಕ್ಷೆಯನ್ನು ಮೂಲ ಆಟದಲ್ಲಿ ತೋರಿಸಲು ಬರುವುದಿಲ್ಲ.

## ಒಂದು ಸಂಖ್ಯೆಯೊಳಗೆ ಅಡಗಿದ ಗ್ರಹಗಳು

ಕೆಲವು ಆಟಗಳು ಉಳಿಸಿಕೊಳ್ಳುವುದು ಬಾಹ್ಯಾಕಾಶದ ಅಗಾಧತೆಯನ್ನು. 1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಬರೆದ ‘ಎಲೀಟ್’ ಆಟದಲ್ಲಿ ಎಂಟು ಗ್ಯಾಲಕ್ಸಿಗಳಿದ್ದವು, ಪ್ರತಿಯೊಂದರಲ್ಲೂ 256 ಗ್ರಹಗಳು. ಅದು ಓಡುತ್ತಿದ್ದ ಬಿಬಿಸಿ ಮೈಕ್ರೊ ಕಂಪ್ಯೂಟರಿನ ನೆನಪಿನ ಶಕ್ತಿ ಕೇವಲ 32 ಕಿಲೋಬೈಟ್. ಇಂದಿನ ಒಂದು ಸಣ್ಣ ಫೋಟೋ ಕೂಡ ಅದರಲ್ಲಿ ಹಿಡಿಯದು. ಹಾಗಿದ್ದರೆ 2,048 ಗ್ರಹಗಳ ವಿವರ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ. ಆಟದಲ್ಲಿ ಇದ್ದದ್ದು ಒಂದು ಆರಂಭದ ಸಂಖ್ಯೆ ಮತ್ತು ಒಂದು ಸೂತ್ರ. ಸೂತ್ರ ಆ ಸಂಖ್ಯೆಯನ್ನು ಕಲಸಿ ಹೊಸ ಸಂಖ್ಯೆ ಕೊಡುತ್ತದೆ. ಅದರಿಂದ ಗ್ರಹದ ಹೆಸರು, ಜಾಗ, ವ್ಯಾಪಾರ ಎಲ್ಲ ಹುಟ್ಟುತ್ತವೆ. ಅದೇ ಸಂಖ್ಯೆ ಕೊಟ್ಟರೆ ಪ್ರತಿ ಸಲವೂ ಅದೇ ಗ್ರಹ ಸಿಗುತ್ತದೆ, ಹಾಗಾಗಿ ಕೂಡಿಡುವ ಅಗತ್ಯವೇ ಇಲ್ಲ. ಆರಂಭದ ಆ ಸಂಖ್ಯೆಯನ್ನು ಆಟ ಕಟ್ಟುವವರು ‘ಸೀಡ್’ ಎನ್ನುತ್ತಾರೆ.

2016ರ ‘ನೋ ಮ್ಯಾನ್ಸ್ ಸ್ಕೈ’ ಇದೇ ಉಪಾಯವನ್ನು 64 ಬಿಟ್ ಸಂಖ್ಯೆಗೆ, ಅಂದರೆ 0 ಮತ್ತು 1ರಿಂದಲೇ ಆದ 64 ಅಂಕಿಗಳ ಸಂಖ್ಯೆಗೆ ವಿಸ್ತರಿಸಿತು. ಅದರಿಂದ ಹುಟ್ಟಬಹುದಾದ ಗ್ರಹಗಳು 1.8 ಲಕ್ಷ ಕೋಟಿ ಕೋಟಿ. ಒಂದೊಂದನ್ನು ಒಂದೊಂದು ಸೆಕೆಂಡು ನೋಡುತ್ತ ಹೋದರೂ 58,000 ಕೋಟಿ ವರ್ಷ ಬೇಕು. ವಿಶ್ವಕ್ಕೇ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ. ಇಲ್ಲಿ ಬಿಟ್ಟುಹೋದದ್ದು ಗ್ರಹದ ಚರಿತ್ರೆ. ನಿಜವಾದ ಗ್ರಹದ ಪ್ರತಿ ಕಣಿವೆಗೂ ಕೋಟ್ಯಂತರ ವರ್ಷಗಳ ಕಾರಣವಿರುತ್ತದೆ: ನೀರು ಹರಿದದ್ದು, ಉಲ್ಕೆ ಬಡಿದದ್ದು, ಲಾವಾ ಉಕ್ಕಿದ್ದು. ಸೂತ್ರದಿಂದ ಹುಟ್ಟಿದ ಕಣಿವೆಗೆ ಕಾರಣವೆಂದರೆ ಆ ಸಂಖ್ಯೆ ಮಾತ್ರ.

## ಪುಟ್ಟ ರಾಕೆಟ್, ನಿಜವಾದ ಹಾರಾಟ

ಹಾರುವ ರಾಕೆಟ್ ಮಾದರಿಗಳ ಹವ್ಯಾಸ ಹುಟ್ಟಿದ್ದು ಅಪಾಯದ ಹಿನ್ನೆಲೆಯಲ್ಲಿ. 1950ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯಲ್ಲೇ ರಾಸಾಯನಿಕ ಬೆರೆಸಿ ಲೋಹದ ಕೊಳವೆಗೆ ತುಂಬಿ ಹಾರಿಸಲು ಹೋಗಿ ಗಾಯಗೊಳ್ಳುತ್ತಿದ್ದರು. 1954ರಲ್ಲಿ ಆರ್ವಿಲ್ ಕಾರ್ಲೈಲ್ ಮತ್ತು ಸೋದರ ರಾಬರ್ಟ್ ಹಗುರ ವಸ್ತುವಿನ ರಾಕೆಟ್ಟಿಗೆ, ಪ್ರತಿ ಹಾರಾಟಕ್ಕೂ ಬದಲಿಸಬಹುದಾದ ಸಿದ್ಧ ಮೋಟಾರಿನ ವ್ಯವಸ್ಥೆ ಮಾಡಿದರು. ಇಂಧನವನ್ನು ಮುಟ್ಟದೆಯೇ ಹಾರಿಸಬಹುದು ಎಂಬುದೇ ಈ ಹವ್ಯಾಸದ ಅಡಿಪಾಯ. ಈಗಲೂ ಮೊದಲ ನಿಯಮ ಅದೇ: ಇಂಧನವನ್ನು ಮನೆಯಲ್ಲಿ ತಯಾರಿಸಬಾರದು.

ಮೋಟಾರಿನ ಮೇಲಿನ ಸಿ6-5 ಎಂಬುದರಲ್ಲಿ ಮೂರು ಸುದ್ದಿಗಳಿವೆ. ಅಕ್ಷರ ಒಟ್ಟು ಶಕ್ತಿಯನ್ನು, ಅಂದರೆ ನೂಕುಬಲ ಮತ್ತು ಉರಿಯುವ ಕಾಲದ ಗುಣಲಬ್ಧವನ್ನು ಹೇಳುತ್ತದೆ. ಬಿ ಮೋಟಾರಿನ ಗರಿಷ್ಠ ಮಿತಿ ಎ ಮೋಟಾರಿನದರ ಎರಡರಷ್ಟು, ಸಿ ಮೋಟಾರಿನದು ಬಿ ಮೋಟಾರಿನದರ ಎರಡರಷ್ಟು. ಸಿ ಮೋಟಾರಿನ ಮಿತಿ 10 ನ್ಯೂಟನ್-ಸೆಕೆಂಡ್. ನಡುವಿನ 6 ಎಂದರೆ ಸರಾಸರಿ ನೂಕುಬಲ 6 ನ್ಯೂಟನ್. ಹತ್ತನ್ನು ಆರರಿಂದ ಭಾಗಿಸಿ: ಮೋಟಾರ್ ಎರಡು ಸೆಕೆಂಡೂ ಉರಿಯುವುದಿಲ್ಲ! ಕೊನೆಯ 5 ಎಂದರೆ ಉರಿ ಆರಿದ ಮೇಲೆ ಐದು ಸೆಕೆಂಡು ಕಾಯುವುದು. ಅಷ್ಟರಲ್ಲಿ ರಾಕೆಟ್ ಪಡೆದ ವೇಗದಲ್ಲೇ ಮೇಲೇರಿ ತುದಿ ಮುಟ್ಟುತ್ತದೆ. ಆಗ ಸಣ್ಣ ಸ್ಫೋಟವೊಂದು ಪ್ಯಾರಾಚೂಟನ್ನು ಹೊರಗೆ ದೂಡುತ್ತದೆ. ಈ ಅಂಕಿ ತಪ್ಪಾದರೆ ರಾಕೆಟ್ ಜೋರಾಗಿ ಸಾಗುತ್ತಿರುವಾಗಲೇ ಪ್ಯಾರಾಚೂಟ್ ಬಿಚ್ಚಿ ಹರಿಯುತ್ತದೆ.

ರಾಕೆಟ್ ನೆಟ್ಟಗೆ ಹಾರಲು ಎರಡು ಬಿಂದುಗಳ ಸ್ಥಾನ ಮುಖ್ಯ. ತೂಕವೆಲ್ಲ ತೂಗಿ ನಿಲ್ಲುವ ಬಿಂದು ಗುರುತ್ವಕೇಂದ್ರ. ಗಾಳಿಯ ಒತ್ತಡವೆಲ್ಲ ಸೇರಿ ತಳ್ಳುವ ಬಿಂದು ಒತ್ತಡಕೇಂದ್ರ. ಗುರುತ್ವಕೇಂದ್ರ ಮುಂದೆ, ಒತ್ತಡಕೇಂದ್ರ ಹಿಂದೆ ಇರಬೇಕು. ನಡುವಿನ ಅಂತರ ಕನಿಷ್ಠ ರಾಕೆಟ್ಟಿನ ವ್ಯಾಸದಷ್ಟಾದರೂ ಇರಲಿ ಎನ್ನುತ್ತಾರೆ ಅನುಭವಿಗಳು. ಬಾಣದ ಮೊನೆಗೆ ತೂಕ, ಬುಡಕ್ಕೆ ಗರಿ ಇರುವುದು ಇದೇ ಕಾರಣಕ್ಕೆ. ರಾಕೆಟ್ ಸ್ವಲ್ಪ ವಾಲಿದರೂ ಗಾಳಿ ಬುಡದ ರೆಕ್ಕೆಗಳನ್ನು ತಳ್ಳಿ ನೆಟ್ಟಗಾಗಿಸುತ್ತದೆ. ಮನೆಯಲ್ಲೇ ಪರೀಕ್ಷಿಸಲು ದಾರ ಸಾಕು. ಮೋಟಾರ್ ಸಮೇತ ರಾಕೆಟ್ಟನ್ನು ಗುರುತ್ವಕೇಂದ್ರದಲ್ಲಿ ದಾರಕ್ಕೆ ಕಟ್ಟಿ, ತಲೆಯ ಸುತ್ತ ದೊಡ್ಡದಾಗಿ ಬೀಸಿ. ಮೂಗು ಮುಂದಾಗಿ ಸಾಗಿದರೆ ಅದು ಸ್ಥಿರ. ತಿರುಚಾಡಿದರೆ ಮೂಗಿಗೆ ತೂಕ ಸೇರಿಸಿ, ಇಲ್ಲವೇ ರೆಕ್ಕೆಗಳನ್ನು ದೊಡ್ಡದು ಮಾಡಿ.

ಹಾರಿಸುವಾಗ ಬೆಂಕಿಕಡ್ಡಿ ಬೇಡ, ದೂರ ನಿಂತು ವಿದ್ಯುತ್ ತಂತಿಯ ಮೂಲಕವೇ ಹೊತ್ತಿಸಬೇಕು. ಒಣಹುಲ್ಲಿಲ್ಲದ ಬಯಲು ಬೇಕು, ಹಿರಿಯರು ಜೊತೆಗಿರಬೇಕು. ನೀವಿರುವ ಕಡೆ ಇಂತಹ ಮೋಟಾರಿಗೆ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಚಿಕ್ಕ ಮಕ್ಕಳಿಗೆ ನೀರಿನ ರಾಕೆಟ್ ಒಳ್ಳೆಯದು. ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗದಷ್ಟು ನೀರು ತುಂಬಿ ಪಂಪಿನಿಂದ ಗಾಳಿ ಒತ್ತಿದರೆ, ನೀರು ಹಿಂದಕ್ಕೆ ಚಿಮ್ಮಿ ಬಾಟಲಿ ಮುಂದಕ್ಕೆ ಹಾರುತ್ತದೆ. ಬೆಂಕಿಯಿಲ್ಲ, ಆದರೂ ಕಣ್ಣಿಗೆ ಕನ್ನಡಕ ಇರಲೇಬೇಕು.

## ನೀಹಾರಿಕೆಗೆ ಬಣ್ಣ ಕೊಟ್ಟವರು ಯಾರು

ಬಾಹ್ಯಾಕಾಶವನ್ನು ಬಣ್ಣದಲ್ಲಿ ಬಿಡಿಸುವವರಿಗೆ ಎದುರಾಗುವ ಪ್ರಶ್ನೆ ಇದು. ಹಬಲ್ ದೂರದರ್ಶಕದ ಕ್ಯಾಮೆರಾ ಬಣ್ಣದ ಫೋಟೋ ತೆಗೆಯುವುದಿಲ್ಲ. ಒಂದೊಂದು ಬಣ್ಣದ ಶೋಧಕವನ್ನು ಮುಂದಿಟ್ಟು ಕಪ್ಪುಬಿಳುಪು ಚಿತ್ರಗಳನ್ನು ತೆಗೆಯುತ್ತದೆ, ಅವುಗಳಿಗೆ ಬಣ್ಣ ಹಚ್ಚಿ ಒಂದರ ಮೇಲೊಂದು ಇಡುತ್ತಾರೆ. ಒಂದು ನೀಹಾರಿಕೆಯ ಅನಿಲದ ಕಂಬಗಳನ್ನು ತೋರಿಸುವ, ಹಬಲ್‌ನ 1995ರ ‘ಸೃಷ್ಟಿಸ್ತಂಭಗಳು’ ಚಿತ್ರದಲ್ಲಿ ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟರು. ನಿಜದಲ್ಲಿ ಗಂಧಕವೂ ಜಲಜನಕವೂ ಅಲ್ಲಿ ಹೊಮ್ಮಿಸುವುದು ಕೆಂಪನ್ನೇ. ಎರಡಕ್ಕೂ ಕೆಂಪೇ ಹಚ್ಚಿದ್ದರೆ ಯಾವ ಅನಿಲ ಎಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಚಿತ್ರವನ್ನು ಬಣ್ಣ ಹಚ್ಚಿದ ಭೂಪಟದಂತೆ ಓದಬೇಕು. ವೆಬ್ ದೂರದರ್ಶಕ ನೋಡುವುದು ಬಹುಪಾಲು ಅವಕೆಂಪು ಬೆಳಕನ್ನು, ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲಿ ಉದ್ದ ತರಂಗಗಳಿಗೆ ಕೆಂಪು, ಗಿಡ್ಡ ತರಂಗಗಳಿಗೆ ನೀಲಿ ಎಂಬ ಕ್ರಮ ಅನುಸರಿಸುತ್ತಾರೆ. ನಿಮ್ಮ ಚಿತ್ರದಲ್ಲೂ ಇಂಥದೊಂದು ಕ್ರಮ ಹಾಕಿಕೊಂಡರೆ ಅದು ಕಲ್ಪನೆಗೂ ಒಂದು ವ್ಯಾಕರಣ ಕೊಡುತ್ತದೆ.

ಕಾಣದ್ದನ್ನು ಊಹಿಸಿ ಬರೆಯುವ ಸಂಪ್ರದಾಯಕ್ಕೂ ತನ್ನದೇ ಗೌರವವಿದೆ. ಚೆಸ್ಲಿ ಬೋನ್‌ಸ್ಟೆಲ್ 1944ರಲ್ಲಿ ಲೈಫ್ ಪತ್ರಿಕೆಗೆ, ಟೈಟನ್ ಉಪಗ್ರಹದ ನೆಲದಿಂದ ಶನಿ ಹೇಗೆ ಕಂಡೀತು ಎಂದು ಚಿತ್ರಿಸಿದರು. ಹಿಮದ ಬಂಡೆಗಳ ನಡುವೆ ನೀಲಿ ಆಕಾಶದಲ್ಲಿ ಶನಿ ತೇಲುತ್ತದೆ. ಟೈಟನ್‌ಗೆ ದಟ್ಟವಾದ ಕಿತ್ತಳೆ ಮಬ್ಬಿನ ಹೊದಿಕೆ ಇದೆಯೆಂದು ಈಗ ಗೊತ್ತು; 2005ರಲ್ಲಿ ಹೈಗೆನ್ಸ್ ನೌಕೆ ಅಲ್ಲಿ ಇಳಿದು ಚಿತ್ರ ಕಳಿಸಿದೆ. ಚಿತ್ರ ತಪ್ಪಾಯಿತು, ಆದರೆ ಅದನ್ನು ನೋಡಿ ಬಾಹ್ಯಾಕಾಶದ ಕೆಲಸಕ್ಕೆ ಮನಸ್ಸು ಮಾಡಿದವರ ಉತ್ಸಾಹ ತಪ್ಪಾಗಲಿಲ್ಲ. ಬಾಹ್ಯಾಕಾಶಕ್ಕೇ ಹೋಗಿ ಬರೆದವರೂ ಇದ್ದಾರೆ. 1965ರ ಮಾರ್ಚ್‌ನಲ್ಲಿ ಅಲೆಕ್ಸಿ ಲಿಯೊನೊವ್ ಕಕ್ಷೆಯಲ್ಲಿ ಕಂಡ ಸೂರ್ಯೋದಯವನ್ನು ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದರು. ಪೆನ್ಸಿಲುಗಳು ತೇಲಿಹೋಗದಂತೆ ದಾರದಿಂದ ಕಟ್ಟಿದ್ದವು. 2013ರಲ್ಲಿ ಕರೆನ್ ನೈಬರ್ಗ್ ಬಾಹ್ಯಾಕಾಶ ನಿಲ್ದಾಣದಲ್ಲಿ ಬಟ್ಟೆಯ ಚೂರುಗಳಿಂದ ಮಗನಿಗೆ ಡೈನೋಸಾರ್ ಗೊಂಬೆ ಹೊಲಿದರು.

ಸಂಗೀತದವರಿಗೂ ಇಲ್ಲಿ ಸರಕಿದೆ. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಬಿಸಿ ಅನಿಲದಲ್ಲಿ ಕಪ್ಪುಕುಳಿಯೊಂದು ಎಬ್ಬಿಸಿದ ಒತ್ತಡದ ಅಲೆಗಳನ್ನು, ಅಂದರೆ ಶಬ್ದದ ಅಲೆಗಳನ್ನು, 2003ರಲ್ಲಿ ಗುರುತಿಸಲಾಯಿತು. ಅದು ಮಧ್ಯ ಸಪ್ತಕಕ್ಕಿಂತ 57 ಸಪ್ತಕ ಕೆಳಗಿನ ಸ್ವರ. 2022ರಲ್ಲಿ ನಾಸಾ ಅದನ್ನು ಅಷ್ಟೂ ಸಪ್ತಕ ಮೇಲೆತ್ತಿ ಕಿವಿಗೆ ಕೇಳಿಸಿತು.

## ಸರಕು ಎಲ್ಲಿ ಸಿಗುತ್ತದೆ

ಈ ಹವ್ಯಾಸಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಬಹುಪಾಲು ಉಚಿತ. ನಾಸಾ ತನ್ನ ನೌಕೆಗಳ ಮೂರು ಆಯಾಮದ ಮಾದರಿಗಳನ್ನೂ ಮುದ್ರಿಸಬಹುದಾದ ಕಡತಗಳನ್ನೂ ಜಾಲತಾಣದಲ್ಲಿ ಇಟ್ಟಿದೆ. ಆಕಾಶ ತೋರಿಸುವ ಸ್ಟೆಲೇರಿಯಂ ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. 2016ರಿಂದ ಗುರುವನ್ನು ಸುತ್ತತೊಡಗಿದ ಜೂನೊ ನೌಕೆಯ ಕ್ಯಾಮೆರಾ ತೆಗೆದ ಚಿತ್ರಗಳನ್ನು ಸಂಸ್ಕರಿಸದ ರೂಪದಲ್ಲೇ ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಗುರುವಿನ ಸುಳಿಮೋಡಗಳ ಪ್ರಸಿದ್ಧ ಚಿತ್ರಗಳಲ್ಲಿ ಎಷ್ಟೋ ಹವ್ಯಾಸಿಗಳೇ ಸಂಸ್ಕರಿಸಿದವು.

ಮೂರು ಆಯಾಮದ ಮುದ್ರಣಕ್ಕೆ ಕೈ ಹಾಕುವವರಿಗೆ ಒಂದು ಕಿವಿಮಾತು. ಚಂದ್ರನ ಅತಿ ಎತ್ತರದ ಜಾಗಕ್ಕೂ ಅತಿ ಆಳದ ಜಾಗಕ್ಕೂ ಅಂತರ ಸುಮಾರು 20 ಕಿಲೋಮೀಟರ್. ಹತ್ತು ಸೆಂಟಿಮೀಟರಿನ ಚಂದ್ರನಲ್ಲಿ ಅದು ಮಿಲಿಮೀಟರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಂಗಳದ ಒಲಿಂಪಸ್ ಮಾನ್ಸ್, 22 ಕಿಲೋಮೀಟರಿನ ಆ ಮಹಾಪರ್ವತ, ಅಷ್ಟೇ ಗಾತ್ರದ ಗೋಲದ ಮೇಲೆ 0.3 ಮಿಲಿಮೀಟರ್. ಬೆರಳಿಗೆ ತಾಗುವಂತೆ ಮಾಡಲು ಎತ್ತರವನ್ನು ಐದೋ ಹತ್ತೋ ಪಟ್ಟು ಹಿಗ್ಗಿಸುವುದು ಎಲ್ಲರ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಒಳಗೆ ದೀಪವಿಟ್ಟು ಬೆಳಗಿಸುವ ಚಂದ್ರನ ಗೋಲಗಳಲ್ಲಂತೂ ಉಬ್ಬುತಗ್ಗು ಬೆಟ್ಟಕುಳಿಗಳ ಎತ್ತರವಾಗಿರದೆ, ಎಷ್ಟು ಬೆಳಕು ಹಾಯಬೇಕೆಂಬ ಲೆಕ್ಕದ ದಪ್ಪವಾಗಿರುವುದೇ ಹೆಚ್ಚು. ಯಾವುದನ್ನು ಮಾಡಿದರೂ ಅಡಿಪೀಠದ ಮೇಲೆ ಎರಡು ಸಾಲು ಬರೆಯಿರಿ: ವ್ಯಾಸದ ಸ್ಕೇಲ್ ಎಷ್ಟು, ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಲಾಗಿದೆ.